‘ನಮ್ಮವ್ರೇ ತಾನೇ’ ಅಂತ ಮುಳುಗಿದ ಸ್ಟುಡಿಯೋ

ಮೊದಲೇ ಒಂದು ಮಾತು. ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಹತ್ತನೇ ಕ್ಲಾಸಿನ ಪ್ರಬಂಧ ಬಿಟ್ಟರೆ ಕನ್ನಡದಲ್ಲಿ ಇಷ್ಟುದ್ದ ಬರೀತಿರೋದು ಇದೇ ಮೊದಲು. ಒತ್ತಕ್ಷರ ತಪ್ಪಿದ್ರೆ ಎಡಿಟರ್ ತಿದ್ದಿರ್ತಾರೆ. ಅವರ ಕಣ್ಣೂ ತಪ್ಪಿಸಿ ಉಳಿದಿದ್ರೆ ನೀವೇ ಹೊಟ್ಟೆಗೆ ಹಾಕ್ಕೊಳ್ಳಿ.

ಈಗ ವಿಷಯ. ಹೋದ ವಾರ ನಮ್ಮ ಕ್ಲಬ್ ಗ್ರೂಪಲ್ಲಿ ‘ಈ ಸಲ ಫೆಸ್ಟ್‌ಗೆ ಮತ್ತೆ ಶಾರ್ಟ್ ಫಿಲ್ಮ್ ಮಾಡೋಣ್ವಾ?’ ಅಂತ ಮೆಸೇಜ್ ಬಂತು. ಹದಿನೈದು ನಿಮಿಷದಲ್ಲಿ ಡೈರೆಕ್ಟರ್‌ಗೆ ಮೂರು ಹೆಸರು, ಕ್ಯಾಮೆರಾಕ್ಕೆ ನಾಲ್ಕು, ಆ್ಯಕ್ಟಿಂಗ್‌ಗೆ ಹನ್ನೊಂದು. ‘ದುಡ್ಡಿನ ಲೆಕ್ಕ ಯಾರು ನೋಡ್ಕೋತೀರಿ?’ ಅಂತ ನಾನು ಕೇಳಿದೆ. ಬ್ಲೂ ಟಿಕ್ ಬಿತ್ತು, ಉತ್ತರ ಬರಲಿಲ್ಲ. ಕೊನೆಗೆ ಒಬ್ಬ ಬರೆದ: ‘ಅದೇನು ದೊಡ್ಡ ವಿಷ್ಯ ಗುರು, ನಮ್ಮವ್ರೇ ತಾನೇ.’

ಆ ಮಾತು ಓದಿದ ತಕ್ಷಣ ನನಗೆ ನೆನಪಾಗಿದ್ದು ಗೈನಾಕ್ಸ್. ಜಪಾನಿನ ಅನಿಮೇಷನ್ ಸ್ಟುಡಿಯೋ. ‘ನಿಯಾನ್ ಜೆನೆಸಿಸ್ ಎವಾಂಗೆಲಿಯನ್’ ಮಾಡಿದವರು. ನಮ್ಮ ಹಾಸ್ಟೆಲ್‌ನಲ್ಲಿ ಅರ್ಧ ಜನರ ಲ್ಯಾಪ್‌ಟಾಪ್ ಮೇಲೆ ಇದರ ಸ್ಟಿಕ್ಕರ್ ಇದೆ. ಆ ಕಂಪನಿ ಈಗಿಲ್ಲ ಅನ್ನೋದು ಮಾತ್ರ ಬಹಳ ಜನಕ್ಕೆ ಗೊತ್ತಿಲ್ಲ. 2024ರ ಮೇ 29ರಂದು ಅದು ಟೋಕಿಯೋ ಜಿಲ್ಲಾ ಕೋರ್ಟಿಗೆ ದಿವಾಳಿ ಅರ್ಜಿ ಹಾಕಿತು. ಜೂನ್ 7ಕ್ಕೆ ಸುದ್ದಿ ಹೊರಗೆ ಬಂತು. ನಾನು ಎವಾಂಗೆಲಿಯನ್ ನೋಡಿದ್ದು ಅದಾದ ಮೇಲೆ, ಸೆಕೆಂಡ್ ಪಿಯುಸಿಯಲ್ಲಿ, ಸಿಇಟಿಗೆ ಓದ್ತಿದೀನಿ ಅಂತ ಅಮ್ಮನಿಗೆ ಸುಳ್ಳು ಹೇಳಿ. ಅಂದ್ರೆ ನಾನು ಅಭಿಮಾನಿ ಆಗೋ ಹೊತ್ತಿಗೆ ಅದನ್ನು ಮಾಡಿದ ಕಂಪನಿ ಬಾಗಿಲು ಹಾಕಿಯಾಗಿತ್ತು.

ಅವರ ಕಥೆಯನ್ನು ಇಲ್ಲಿ ಹೇಳೋಕೆ ಕಾರಣ ಇದೆ. ಅದು ಶುರುವಾಗಿದ್ದು ನಮ್ಮಂಥ ಕ್ಲಬ್‌ನಿಂದಲೇ. ಹಾಳಾಗಿದ್ದು ನಮ್ಮಂಥವರ ಅಭ್ಯಾಸದಿಂದಲೇ ಅಂತ ನನ್ನ ಅಭಿಪ್ರಾಯ.

ಮೂಲಂಗಿ ಮತ್ತು ಒಂದು ಲೋಟ ನೀರು

1981. ಒಸಾಕಾದಲ್ಲಿ ಜಪಾನಿನ ವೈಜ್ಞಾನಿಕ ಕಥೆಗಳ ಅಭಿಮಾನಿಗಳ ವಾರ್ಷಿಕ ಸಮ್ಮೇಳನ ನಡೆಯಬೇಕಿತ್ತು. ಸಮ್ಮೇಳನದ ಹೆಸರು ದೈಕಾನ್ 3. ಒಸಾಕಾ ಅನ್ನೋ ಹೆಸರಿನ ಮೊದಲ ಅಕ್ಷರವನ್ನು ‘ದೈ’ ಅಂತಲೂ ಓದಬಹುದು, ಕನ್ವೆನ್ಷನ್‌ನಿಂದ ‘ಕಾನ್’. ಎರಡೂ ಸೇರಿದರೆ ದೈಕಾನ್. ಜಪಾನಿ ಭಾಷೆಯಲ್ಲಿ ದೈಕೊನ್ ಅಂದ್ರೆ ಮೂಲಂಗಿ! ನಮ್ಮ ಫೆಸ್ಟ್‌ಗಳಿಗೆ ಸಂಸ್ಕೃತದಲ್ಲಿ ಭಾರಿ ಭಾರಿ ಹೆಸರಿಡ್ತೀವಲ್ಲ, ಅವರು ಮೂಲಂಗಿ ಅಂತ ಇಟ್ಟುಕೊಂಡು ನಕ್ಕರು.

ಸಮ್ಮೇಳನ ನಡೆಸುತ್ತಿದ್ದವರು ತೊಷಿಯೊ ಒಕಾದಾ, ಯಸುಹಿರೊ ತಕೆದಾ ಮತ್ತು ಗೆಳೆಯರು. ಉದ್ಘಾಟನೆಗೆ ಒಂದು ಚಿಕ್ಕ ಅನಿಮೇಷನ್ ಬೇಕು ಅಂತ ಒಸಾಕಾ ಕಲಾ ವಿಶ್ವವಿದ್ಯಾಲಯದ ಮೂವರು ಹುಡುಗರನ್ನು ಹಿಡಿದರು. ಹಿದೆಯಾಕಿ ಅನ್ನೊ, ಹಿರೊಯುಕಿ ಯಮಾಗಾ, ತಕಾಮಿ ಅಕಾಯ್. ಅನ್ನೊಗೆ ಆಗ 21. ಯಮಾಗಾ ಮತ್ತು ಅಕಾಯ್‌ಗೆ 19. ನನ್ನ ವಯಸ್ಸು.

ಆಗಿನ ಅನಿಮೇಷನ್‌ನಲ್ಲಿ ಪಾರದರ್ಶಕ ಹಾಳೆಗಳ ಮೇಲೆ ಚಿತ್ರ ಬರೆದು, ಬಣ್ಣ ಹಚ್ಚಿ, ಒಂದೊಂದನ್ನೇ ಕ್ಯಾಮೆರಾದಲ್ಲಿ ಹಿಡಿಯಬೇಕಿತ್ತು. ಆ ಹಾಳೆಗೆ ಸೆಲ್ ಅಂತಾರೆ. ಇವರ ಹತ್ತಿರ ಅದಕ್ಕೆ ದುಡ್ಡಿರಲಿಲ್ಲ. ಕಾರ್ಖಾನೆಗಳಿಗೆ ಮಾರೋ ವಿನೈಲ್ ಶೀಟ್ ತಂದು ಕತ್ತರಿಸಿಕೊಂಡರು. ಶೂಟ್ ಮಾಡಿದ್ದು 8 ಎಂಎಂ ಫಿಲ್ಮ್‌ನಲ್ಲಿ.

ಸಿನಿಮಾ ಸುಮಾರು ಐದು ನಿಮಿಷದ್ದು. ಸ್ಕೂಲ್ ಬ್ಯಾಗ್ ಹಾಕಿದ ಪುಟ್ಟ ಹುಡುಗಿಗೆ ಯಾರೋ ಒಂದು ಲೋಟ ನೀರು ಕೊಟ್ಟು, ಬಾಡಿಹೋಗ್ತಿರೋ ಮೂಲಂಗಿಗೆ ಹಾಕು ಅಂತಾರೆ. ದಾರಿಯಲ್ಲಿ ರೋಬೋಟ್‌ಗಳು, ರಾಕ್ಷಸರು, ಅಂತರಿಕ್ಷ ನೌಕೆಗಳು. ಎಲ್ಲರ ಜೊತೆ ಹೊಡೆದಾಡಿ, ನೀರು ಉಳಿಸಿಕೊಂಡು ಹೋಗಿ ಮೂಲಂಗಿಗೆ ಹಾಕ್ತಾಳೆ. ಮೂಲಂಗಿ ಅಂತರಿಕ್ಷ ನೌಕೆ ಆಗಿಬಿಡುತ್ತೆ. ಅಷ್ಟೇ ಕಥೆ. ಗೆರೆಗಳು ಅಲ್ಲಾಡ್ತವೆ, ಬಣ್ಣ ಒಂದೇ ಸಮ ಇಲ್ಲ. ಆದರೆ ಮಾಡಿದವರಿಗೆ ಎಷ್ಟು ಖುಷಿಯಾಗಿತ್ತು ಅನ್ನೋದು ಪ್ರತಿ ಫ್ರೇಮ್‌ನಲ್ಲೂ ಕಾಣತ್ತೆ.

ಇಲ್ಲಿ ಒಂದು ವಿಷಯ ಗಮನಿಸಿ. ಆ ಫಿಲ್ಮ್‌ನ ಖರ್ಚು ಹೊರೆಯಾದಾಗ ಅವರು ಅದರ ವಿಡಿಯೋ ಮತ್ತು ಫಿಲ್ಮ್ ಪ್ರತಿಗಳನ್ನು ಅಭಿಮಾನಿಗಳಿಗೆ ಮಾರಿ ದುಡ್ಡು ಎತ್ತಿದರು. ಮರುವರ್ಷ ಒಕಾದಾ ಮತ್ತು ತಕೆದಾ ‘ಜನರಲ್ ಪ್ರಾಡಕ್ಟ್ಸ್’ ಅಂತ ಒಂದು ಅಂಗಡಿಯನ್ನೇ ತೆರೆದರು. ರಾಕ್ಷಸರ ಬೊಂಬೆ, ಮಾಡೆಲ್ ಕಿಟ್, ಅಭಿಮಾನಿಗಳಿಗೆ ಬೇಕಾದ ಸಾಮಾನು. ಅಂದ್ರೆ ಮೊದಮೊದಲು ಇವರಿಗೆ ದುಡ್ಡಿನ ವಿಷಯ ಗೊತ್ತಿರಲಿಲ್ಲ ಅಂತೇನೂ ಅಲ್ಲ.

1983ರ ದೈಕಾನ್ 4ಕ್ಕೆ ಇನ್ನೊಂದು ಫಿಲ್ಮ್ ಮಾಡಿದರು. ಅದೇ ಹುಡುಗಿ ದೊಡ್ಡವಳಾಗಿ ಮೊಲದ ವೇಷ ಹಾಕಿಕೊಂಡು ಕತ್ತಿಯ ಮೇಲೆ ನಿಂತು ಆಕಾಶದಲ್ಲಿ ಸರ್ಫ್ ಮಾಡ್ತಾಳೆ. ಹಿನ್ನೆಲೆಯಲ್ಲಿ ಎಲೆಕ್ಟ್ರಿಕ್ ಲೈಟ್ ಆರ್ಕೆಸ್ಟ್ರಾ ಬ್ಯಾಂಡಿನ ‘ಟ್ವಿಲೈಟ್’ ಹಾಡು. ಎರಡು ವರ್ಷದಲ್ಲಿ ಇಷ್ಟು ಕಲಿತರಾ ಅಂತ ದಂಗಾಗಬೇಕು. ಆದರೆ ಹಾಡು ಬಳಸೋಕೆ ಹಕ್ಕು ತಗೊಂಡಿರಲಿಲ್ಲ. ಅದೇ ಕಾರಣಕ್ಕೆ ಆ ಫಿಲ್ಮ್ ಉಳಿದ ಸಿನಿಮಾಗಳ ಹಾಗೆ ಅಂಗಡಿಯಲ್ಲಿ ಮಾರಾಟಕ್ಕೆ ಬರಲಿಲ್ಲ. ನಮ್ಮ ಫೆಸ್ಟ್ ಆಫ್ಟರ್‌ಮೂವಿಯ ಸೌಂಡ್ ಅನ್ನು ಯೂಟ್ಯೂಬ್ ಮ್ಯೂಟ್ ಮಾಡಿದ್ದು ನೆನಪಿದೆಯಲ್ಲ? ಅದೇ ರೋಗ.

ಒಂದೇ ಸಿನಿಮಾಕ್ಕೆ ಅಂತ ಹುಟ್ಟಿದ ಕಂಪನಿ

1984ರ ಡಿಸೆಂಬರ್‌ನಲ್ಲಿ ಇವರೆಲ್ಲ ಸೇರಿ ಕಂಪನಿ ಮಾಡಿದರು. ಅಕಾಯ್ ಅವರ ಊರು ಯೊನಾಗೊ. ಅಲ್ಲಿನ ಆಡುಮಾತಿನಲ್ಲಿ ‘ಗೈನಾ’ ಅಂದ್ರೆ ದೊಡ್ಡದು. ಅದಕ್ಕೊಂದು ಎಕ್ಸ್ ಸೇರಿಸಿ ಗೈನಾಕ್ಸ್. ಉದ್ದೇಶ ಒಂದೇ: ‘ರಾಯಲ್ ಸ್ಪೇಸ್ ಫೋರ್ಸ್’ ಅನ್ನೋ ಸಿನಿಮಾ ಮಾಡೋದು. ಅದು ಮುಗಿದ ಮೇಲೆ ಕಂಪನಿಯನ್ನೂ ಮುಚ್ಚೋದು ಅಂತ ಲೆಕ್ಕ.

ಬೊಂಬೆ ಕಂಪನಿ ಬಂದಾಯ್ ದುಡ್ಡು ಹಾಕಿತು. ಬಜೆಟ್ 80 ಕೋಟಿ ಯೆನ್ ಅಂತ ಘೋಷಣೆ ಆಯ್ತು. ಅದುವರೆಗೆ ಒಂದೂ ಪೂರ್ತಿ ಸಿನಿಮಾ ಮಾಡದ ಹುಡುಗರ ಕೈಗೆ! 1987ರ ಮಾರ್ಚ್‌ನಲ್ಲಿ ಸಿನಿಮಾ ಬಿಡುಗಡೆಯಾದಾಗ ಡೈರೆಕ್ಟರ್ ಯಮಾಗಾಗೆ ಇನ್ನೂ 25. ಸಂಗೀತ ರ‍್ಯೂಯಿಚಿ ಸಕಾಮೊತೊ ಮತ್ತು ತಂಡದ್ದು.

ಎಂಜಿನಿಯರಿಂಗ್ ಓದುವವರು ನೋಡಲೇಬೇಕಾದ ಸಿನಿಮಾ ಇದು. ಒಂದು ಕಲ್ಪಿತ ದೇಶ. ಅಲ್ಲೊಂದು ಸ್ಪೇಸ್ ಫೋರ್ಸ್. ಅದನ್ನು ಕಂಡರೆ ಊರೆಲ್ಲ ನಗ್ತಾರೆ. ಸಾಧಾರಣ ಮಾರ್ಕ್ಸಿನ, ಸೋಮಾರಿ ಹುಡುಗನೊಬ್ಬ ‘ನಾನು ಹೋಗ್ತೀನಿ ಅಂತರಿಕ್ಷಕ್ಕೆ’ ಅಂತ ಕೈ ಎತ್ತುತ್ತಾನೆ. ಆ ದೇಶದ ಚಮಚ, ನಾಣ್ಯ, ಟ್ರೈನ್, ಪೇಪರ್, ವಿಮಾನ ಎಲ್ಲವನ್ನೂ ಹೊಸದಾಗಿ ಡಿಸೈನ್ ಮಾಡಿದ್ದಾರೆ. ಕೊನೆಯಲ್ಲಿ ರಾಕೆಟ್ ಹಾರುವಾಗ ಅದರ ಮೈಮೇಲಿನ ಮಂಜುಗಡ್ಡೆ ಚೂರುಚೂರಾಗಿ ಉದುರತ್ತೆ. ಅದನ್ನೆಲ್ಲ ಅನ್ನೊ ಕೈಯಲ್ಲಿ ಅನಿಮೇಟ್ ಮಾಡಿದ್ದು. ಕಂಪ್ಯೂಟರ್ ಸಿಮ್ಯುಲೇಷನ್ ಅಲ್ಲ, ಪೆನ್ಸಿಲ್.

ಥಿಯೇಟರ್‌ನಲ್ಲಿ ಸಿನಿಮಾ ಹಾಕಿದ ದುಡ್ಡನ್ನು ವಾಪಸ್ ತರಲಿಲ್ಲ. ಹಾಗಾಗಿ ಮುಚ್ಚಬೇಕಿದ್ದ ಕಂಪನಿ ಸಾಲದ ಸಮೇತ ಮುಂದುವರಿಯಿತು. ಇದು ನನಗೆ ಮುಖ್ಯ ಅನ್ಸತ್ತೆ. ಒಂದು ಪ್ರಾಜೆಕ್ಟಿಗೆ ಅಂತ ಸೇರಿದ ಗೆಳೆಯರ ಗುಂಪು ಹಾಗೇ ಕಾಯಂ ಕಂಪನಿ ಆಗಿಬಿಟ್ಟಿತು. ಯಾರು ಏನು ನೋಡಿಕೊಳ್ಳಬೇಕು, ಯಾರು ಯಾರನ್ನು ಕೇಳಬಹುದು ಅನ್ನೋದು ಕ್ಲಬ್‌ನಲ್ಲಿ ಹೇಗಿತ್ತೋ ಬಹುಶಃ ಹಾಗೇ ಉಳಿಯಿತು.

ಒಳ್ಳೆ ಕೆಲಸ, ಖಾಲಿ ಜೇಬು

ಆಮೇಲೆ ಬಂದ ಕೆಲಸಗಳನ್ನು ನೋಡಿದರೆ ಹೊಟ್ಟೆ ಉರಿಯತ್ತೆ. 1988ರಲ್ಲಿ ‘ಗನ್‌ಬಸ್ಟರ್’ ಶುರುವಾಯಿತು. ಡೈರೆಕ್ಟರ್ ಆಗಿ ಅನ್ನೊಗೆ ಮೊದಲ ಕೆಲಸ, ಆರು ಎಪಿಸೋಡ್. ಬೆಳಕಿನ ವೇಗದ ಹತ್ತಿರ ಹೋಗಿ ಬಂದ ಹುಡುಗಿಗೆ ಸ್ವಲ್ಪ ಕಾಲ ಕಳೆದಿರತ್ತೆ, ಭೂಮಿಯಲ್ಲಿ ಅವಳ ಗೆಳತಿಯರಿಗೆ ವರ್ಷಗಳೇ ಕಳೆದಿರ್ತವೆ. ಫಸ್ಟ್ ಸೆಮ್ ಫಿಸಿಕ್ಸ್‌ನಲ್ಲಿ ನಾನು ಬಾಯಿಪಾಠ ಮಾಡಿ ಬರೆದ ಟೈಮ್ ಡೈಲೇಷನ್ ನನಗೆ ಅರ್ಥವಾಗಿದ್ದು ಇದನ್ನು ನೋಡಿ ಕಣ್ಣು ಒದ್ದೆಯಾದಾಗ. ಕೊನೆಯ ಎಪಿಸೋಡ್ ಬ್ಲ್ಯಾಕ್ ಅಂಡ್ ವೈಟ್.

1990ರಿಂದ 91ರವರೆಗೆ ‘ನಾದಿಯಾ’ ಎನ್‌ಎಚ್‌ಕೆಯಲ್ಲಿ ಬಂತು, 39 ಎಪಿಸೋಡ್. ಜಪಾನಿನ ಮನೆಮನೆಯಲ್ಲಿ ನೋಡಿದರು. ಗೈನಾಕ್ಸ್‌ಗೆ ಸಿಕ್ಕಿದ್ದು ನಷ್ಟ. ಸರಣಿಯ ಹಕ್ಕುಗಳು ಬೇರೆಯವರ ಕೈಯಲ್ಲಿದ್ದವು. ಆ ದಿನಗಳಲ್ಲಿ ಕಂಪನಿಯನ್ನು ತೇಲಿಸಿದ್ದರಲ್ಲಿ ದೊಡ್ಡ ಪಾಲು ಕಂಪ್ಯೂಟರ್ ಗೇಮ್‌ಗಳದ್ದು, ಅದರಲ್ಲೂ ಅಕಾಯ್ ಮಾಡಿದ ‘ಪ್ರಿನ್ಸೆಸ್ ಮೇಕರ್’.

1995ರ ಅಕ್ಟೋಬರ್‌ನಲ್ಲಿ ಎವಾಂಗೆಲಿಯನ್. ಹದಿನಾಲ್ಕು ವರ್ಷದ ಶಿಂಜಿಯನ್ನು ವರ್ಷಗಟ್ಟಲೆ ಮಾತಾಡಿಸದ ಅಪ್ಪ ಕರೆಸ್ತಾನೆ. ದೈತ್ಯ ಯಂತ್ರ ತೋರಿಸಿ, ಹತ್ತೋದಾದ್ರೆ ಹತ್ತು ಇಲ್ಲಾಂದ್ರೆ ಹೋಗು ಅಂತಾನೆ. ಸಿಇಟಿ, ಜೆಇಇ ಕೋಚಿಂಗ್‌ಗೆ ಸೇರಿಸಲ್ಪಟ್ಟ ಯಾರಿಗೂ ಈ ಸೀನ್ ಬಿಡಿಸಿ ಹೇಳಬೇಕಾಗಿಲ್ಲ. ಯಮಾಗಾ, ಅನ್ನೊ ಅವರ ಜೊತೆ ಮೊದಲಿನಿಂದ ಇದ್ದ ಯೊಶಿಯುಕಿ ಸದಾಮೊತೊ ಪಾತ್ರಗಳನ್ನು ಚಿತ್ರಿಸಿದರು. ಮುಗಿಸೋ ಹೊತ್ತಿಗೆ ಟೈಮ್ ಇಲ್ಲ, ಶೆಡ್ಯೂಲ್ ಕುಸಿದಿತ್ತು. 24ನೇ ಎಪಿಸೋಡ್‌ನಲ್ಲಿ ಸುಮಾರು ಒಂದು ನಿಮಿಷ ಪರದೆಯ ಮೇಲೆ ಏನೂ ಅಲ್ಲಾಡಲ್ಲ, ಒಂದೇ ಚಿತ್ರ ನಿಂತಿರತ್ತೆ. ಕೊನೆಯ ಎರಡು ಎಪಿಸೋಡ್‌ಗಳಲ್ಲಿ ಯುದ್ಧವೇ ಇಲ್ಲ, ಹುಡುಗನ ತಲೆಯೊಳಗಿನ ಮಾತು ಮಾತ್ರ. ಜನ ಸಿಟ್ಟಾದರು, ಬೈದರು, ಮತ್ತೆ ಮತ್ತೆ ನೋಡಿದರು. 1997ರಲ್ಲಿ ಥಿಯೇಟರಿನಲ್ಲಿ ಇನ್ನೊಂದು ಕೊನೆ ತೋರಿಸಿದರು. ಕೊನೆಗೂ ಕಂಪನಿಗೆ ದುಡ್ಡು ಬಂತು.

ದುಡ್ಡು ಬಂದ ಮೇಲೆ ಏನಾಯ್ತು? 1999ರಲ್ಲಿ ಗೈನಾಕ್ಸ್‌ನ ಅಧ್ಯಕ್ಷರೂ ತೆರಿಗೆ ಲೆಕ್ಕಿಗರೂ ಅರೆಸ್ಟ್ ಆದರು. ಸುಮಾರು 150 ಕೋಟಿ ಯೆನ್ ಆದಾಯ ಬಚ್ಚಿಟ್ಟು 56 ಕೋಟಿ ಯೆನ್ ತೆರಿಗೆ ತಪ್ಪಿಸಿದ ಕೇಸು. ಬೇರೆ ಕಂಪನಿಗಳಿಗೆ ಕೆಲಸ ಕೊಟ್ಟ ಹಾಗೆ ಸುಳ್ಳು ಲೆಕ್ಕ ಬರೆದು, ಆ ದುಡ್ಡನ್ನು ವಾಪಸ್ ತಗೊಂಡಿದ್ದರು. ಮತ್ತೆ ಕಷ್ಟದ ದಿನ ಬಂದ್ರೆ ಅಂತ ಕೂಡಿಡೋಕೆ ಹೊರಟಿದ್ದರಂತೆ. ಹದಿನೈದು ವರ್ಷ ಬರಿಗೈಯಲ್ಲಿ ಇದ್ದವರಿಗೆ ಆ ಭಯ ಇರೋದು ಸಹಜ. ಆದರೆ ಭಯಕ್ಕೆ ಔಷಧ ಸರಿಯಾದ ಲೆಕ್ಕ, ಸುಳ್ಳು ಲೆಕ್ಕ ಅಲ್ಲ.

ಕೊಟ್ಟವನು ಕೋಡಂಗಿ

ಇಷ್ಟಾದರೂ ಸ್ಟುಡಿಯೋದೊಳಗೆ ಪ್ರತಿಭೆ ಬತ್ತಲಿಲ್ಲ. 2000ದಲ್ಲಿ ಕಜುಯಾ ತ್ಸುರುಮಾಕಿಯ ‘ಎಫ್‌ಎಲ್‌ಸಿಎಲ್’ ಬಂತು. 2007ರಲ್ಲಿ ಹಿರೊಯುಕಿ ಇಮೈಶಿಯ ‘ಗುರ್ರೆನ್ ಲಗಾನ್’ ಬಂತು. ಭೂಮಿಯೊಳಗೆ ಬಿಲ ತೋಡ್ತಿದ್ದ ಹುಡುಗ ಒಂದು ಡ್ರಿಲ್ ಹಿಡಿದು ಬ್ರಹ್ಮಾಂಡದ ತುದಿಗೆ ಹೋಗೋ ಕಥೆ. ಮೆಕ್ಯಾನಿಕಲ್ ಬ್ರಾಂಚಿನವರು ಇದನ್ನು ನಿಮ್ಮ ನಾಡಗೀತೆ ಮಾಡ್ಕೊಳ್ಳಿ.

ಆದರೆ ಮಾಡುವ ಕೈಗಳು ಒಂದೊಂದಾಗಿ ಹೊರಟವು. 2006ರಲ್ಲಿ ಅನ್ನೊ ತಮ್ಮದೇ ಸ್ಟುಡಿಯೋ ಖಾರಾ ಶುರು ಮಾಡಿದರು. ನಮ್ಮ ಮಿರ್ಚಿ ಬಜ್ಜಿಯ ಖಾರ ಅಲ್ಲ, ಗ್ರೀಕ್ ಭಾಷೆಯಲ್ಲಿ ಆ ಪದಕ್ಕೆ ಸಂತೋಷ ಅಂತ ಅರ್ಥ. 2011ರಲ್ಲಿ ಇಮೈಶಿ ಮತ್ತು ಗೆಳೆಯರು ಹೊರಟು ಟ್ರಿಗರ್ ಕಟ್ಟಿದರು. ಗೈನಾಕ್ಸ್‌ನಲ್ಲಿ ಹೆಸರು ಉಳಿಯಿತು, ಹೆಸರು ತಂದುಕೊಟ್ಟವರಲ್ಲಿ ಬಹಳ ಜನ ಉಳಿಯಲಿಲ್ಲ.

ಮುಂದಿನದನ್ನು ನಾನು ಊಹೆ ಮಾಡಿ ಹೇಳ್ತಿಲ್ಲ, ದಿವಾಳಿ ಆದಾಗ ಕಂಪನಿಯೇ ಹೇಳಿಕೊಂಡಿದೆ. ಸುಮಾರು 2012ರಿಂದ ಹೋಟೆಲ್ ವ್ಯಾಪಾರಕ್ಕೆ ಕೈ ಹಾಕಿದ್ದು, ಯೋಜನೆ ಇಲ್ಲದೆ ಗ್ರಾಫಿಕ್ಸ್ ಕಂಪನಿ ತೆರೆದದ್ದು, ಆಡಳಿತದಲ್ಲಿದ್ದವರಿಗೆ ಅಡಮಾನವೇ ಇಲ್ಲದೆ ದೊಡ್ಡ ದೊಡ್ಡ ಸಾಲ ಕೊಟ್ಟದ್ದು, ಹಣ ಹಾಕಿದ ಕೆಲಸಗಳು ಕೈಕೊಟ್ಟದ್ದು. ಪಟ್ಟಿಯಲ್ಲಿ ಮೂರನೆಯದನ್ನು ಇನ್ನೊಮ್ಮೆ ಓದಿ. ಅಡಮಾನ ಇಲ್ಲದೆ ಸಾಲ ಯಾರಿಗೆ ಕೊಡ್ತೀವಿ? ‘ನಮ್ಮವರಿಗೆ’ ತಾನೇ.

2014ರಲ್ಲಿ ಖಾರಾ ತನ್ನ ಹಳೇ ಮನೆಗೆ 10 ಕೋಟಿ ಯೆನ್ ಸಾಲ ಕೊಟ್ಟಿತು. ಅದೂ ಅಡಮಾನ ಇಲ್ಲದೆ. ಸಾಲ ಸರಿಯಾಗಿ ತೀರಲಿಲ್ಲ. 2016ರಲ್ಲಿ ಕೇಸು, 2017ರಲ್ಲಿ ದುಡ್ಡು ಕಟ್ಟಬೇಕು ಅಂತ ಕೋರ್ಟ್ ತೀರ್ಪು. ಕೊಟ್ಟವನು ಕೋಡಂಗಿ ಇಸ್ಕೊಂಡವನು ಈರಭದ್ರ ಅಂತ ನಮ್ಮಜ್ಜ ಹೇಳ್ತಿದ್ದ ಗಾದೆ ಜಪಾನಿಗೂ ಸಲ್ಲತ್ತೆ ಅಂತ ಗೊತ್ತಿರಲಿಲ್ಲ. ವಿನೈಲ್ ಶೀಟ್ ಕತ್ತರಿಸ್ತಾ ಒಟ್ಟಿಗೆ ರಾತ್ರಿ ಕಳೆದಿದ್ದ ಗೆಳೆಯರು ಮೂವತ್ತೈದು ವರ್ಷ ಆದಮೇಲೆ ವಕೀಲರ ಮೂಲಕ ಮಾತಾಡುವ ಹಾಗಾಯಿತು. ನನಗೆ ದಿವಾಳಿಗಿಂತ ಬೇಜಾರಾದದ್ದು ಇದು.

2019ರಲ್ಲಿ, ಆಗಷ್ಟೇ ಅಧ್ಯಕ್ಷ ಆಗಿದ್ದ ವ್ಯಕ್ತಿಯನ್ನು, ಕಲಾವಿದೆ ಆಗಬೇಕು ಅಂತ ಬಂದಿದ್ದ ಯುವತಿಯೊಬ್ಬಳ ಜೊತೆ ಅಸಭ್ಯವಾಗಿ ನಡೆದುಕೊಂಡ ಆರೋಪದ ಮೇಲೆ ಪೊಲೀಸರು ಬಂಧಿಸಿದರು. ಅವನಿಗೂ ಎವಾಂಗೆಲಿಯನ್ ಮಾಡಿದ್ದಕ್ಕೂ ಸಂಬಂಧವಿಲ್ಲ. ಸುದ್ದಿಯ ತಲೆಬರಹಗಳಲ್ಲಿ ಮಾತ್ರ ಎವಾಂಗೆಲಿಯನ್ ಹೆಸರು. 2020ರಲ್ಲಿ ಖಾರಾ, ಟ್ರಿಗರ್ ಮತ್ತಿತರ ಕಂಪನಿಗಳ ಬೆಂಬಲದಿಂದ ಹೊಸ ಆಡಳಿತ ಬಂತು. ಅವರು ಕೃತಿಗಳ ಹಕ್ಕುಗಳನ್ನು ಅವುಗಳನ್ನು ಮಾಡಿದವರಿಗೆ, ಸಂಬಂಧಪಟ್ಟವರಿಗೆ ತಲುಪಿಸಲು ಓಡಾಡಿದರು. ಸಾಲ ತೀರಿಸೋದು ಅವರ ಕೈಲೂ ಆಗಲಿಲ್ಲ. ಹುಟ್ಟಿ ನಲವತ್ತು ವರ್ಷ ತುಂಬೋಕೆ ಕೆಲವು ತಿಂಗಳಿದ್ದಾಗ ಗೈನಾಕ್ಸ್ ಮುಗಿಯಿತು.

ಕಿರ್ದಿ ಪುಸ್ತಕ

ಈಗ ನನ್ನ ಸ್ವಂತ ವಿಷಯ. ಹೋದ ವರ್ಷ ನಮ್ಮ ಫಿಲ್ಮ್‌ಗೆ ಹನ್ನೆರಡು ಜನ ತಲಾ ₹500 ಹಾಕಿದೆವು. ಹೊರಗಿನ ಜ್ಯೂಸ್ ಅಂಗಡಿಯವರು ₹4,000 ಸ್ಪಾನ್ಸರ್ ಮಾಡಿದರು. ಒಟ್ಟು ₹10,000. ನನಗೆ ಎಕ್ಸೆಲ್ ಬರತ್ತೆ ಅಂತ ಲೆಕ್ಕ ನನ್ನ ತಲೆಗೆ ಕಟ್ಟಿದರು. ದುಡ್ಡು ಖರ್ಚು ಮಾಡ್ತಿದ್ದವನು ನನ್ನ ರೂಮಿನ ಪಕ್ಕದ ರೂಮಿನವನು. ನಾನು ಬರೆದುಕೊಂಡೆನಾ? ಇಲ್ಲ. ‘ಆಮೇಲೆ ಒಟ್ಟಿಗೆ ಬರೆದ್ರಾಯ್ತು’ ಅಂದುಕೊಂಡೆ. ಫೆಸ್ಟ್ ಮುಗಿದ ಮೇಲೆ ಕೈಲಿದ್ದ ಬಿಲ್ ಕೂಡಿಸಿದರೆ ₹7,900. ಉಳಿದ ₹2,100 ಎಲ್ಲಿ ಅಂತ ಯಾರೋ ಗ್ರೂಪಲ್ಲಿ ಕೇಳಿದರು. ಇನ್ಯಾರೋ ನಗೋ ಎಮೋಜಿ ಹಾಕಿದರು. ನಾನು ಸುಮ್ಮನಿದ್ದೆ. ಅವತ್ತು ರಾತ್ರಿಯಿಂದ ಅವನು ಮೆಸ್‌ನಲ್ಲಿ ಬೇರೆ ಟೇಬಲ್‌ಗೆ ಹೋದ.

ನಮ್ಮಜ್ಜನದು ಸಾಗರದಲ್ಲಿ ದಿನಸಿ ಅಂಗಡಿ ಇತ್ತು. ಕೆಂಪು ಬಟ್ಟೆಯ ರಟ್ಟಿನ ಕಿರ್ದಿ ಪುಸ್ತಕ ಇಟ್ಟಿದ್ದರು. ರಾತ್ರಿ ಬಾಗಿಲು ಹಾಕೋ ಮೊದಲು ಅವತ್ತಿನ ಜಮಾ, ಖರ್ಚು, ಉದ್ರಿ ಎಲ್ಲ ಬರೀಬೇಕು. ಸ್ವಂತ ತಮ್ಮ ಬಂದು ಅರ್ಧ ಕೆಜಿ ಬೆಲ್ಲ ತಗೊಂಡು ಹೋದರೂ ಬರೀತಿದ್ದರು. ‘ಚಿಕ್ಕಜ್ಜನ ಹೆಸರೂ ಬರೀತೀಯಾ?’ ಅಂತ ನಾನು ಚಿಕ್ಕವನಿದ್ದಾಗ ಕೇಳಿದ್ದೆ. ‘ಬರೆದ್ರೆ ಜಗಳ ಇರಲ್ಲ ಮಾರಾಯ’ ಅಂದಿದ್ದರು. ನಂಬಿಕೆ ಇಲ್ಲದ್ದಕ್ಕೆ ಬರೀತಾರೆ ಅಂತ ನಾನು ಅಂದುಕೊಂಡಿದ್ದೆ. ನಂಬಿಕೆ ಕೆಡದಿರಲಿ ಅಂತ ಬರೀತಿದ್ದರು.

ನನ್ನ ವಾದ ಇಷ್ಟೇ. ಗೈನಾಕ್ಸ್‌ನವರಿಗೆ ಕಲೆಯ ಕೊರತೆ ಇರಲಿಲ್ಲ, ಸ್ನೇಹದ ಕೊರತೆಯೂ ಇರಲಿಲ್ಲ. ಲೆಕ್ಕ ಬರೆಯಬೇಕಾದ ಜಾಗದಲ್ಲೆಲ್ಲ ಸ್ನೇಹವನ್ನು ಇಟ್ಟರು. ಸ್ನೇಹಕ್ಕೆ ಅಷ್ಟು ಭಾರ ಹೊರೋ ಶಕ್ತಿ ಇಲ್ಲ. ಸ್ಟ್ರಕ್ಚರ್ಸ್ ಓದಿರೋ ಸಿವಿಲ್‌ನವರಿಗೆ ಗೊತ್ತು, ಗೋಡೆ ಎಷ್ಟೇ ಚೆನ್ನಾಗಿದ್ದರೂ ಅದನ್ನು ಬೀಮ್ ಥರ ಬಳಸಬಾರದು.

ಇದಕ್ಕೆ ಒಬ್ಬ ಸೀನಿಯರ್ ಹೇಳಿದ ಎದುರು ವಾದವೂ ಇದೆ. ‘ಅವರು ಅಕೌಂಟೆಂಟ್ ಥರ ಯೋಚಿಸಿದ್ದಿದ್ರೆ ದೈಕಾನೂ ಬರ್ತಿರಲಿಲ್ಲ, ಎವಾಂಗೆಲಿಯನ್ನೂ ಬರ್ತಿರಲಿಲ್ಲ. ಹುಚ್ಚು ಬೇಕು.’ ಹುಚ್ಚು ಬೇಕು, ಒಪ್ತೀನಿ. ಅಷ್ಟು ಚಿಕ್ಕ ವಯಸ್ಸಿನವನ ಕೈಗೆ 80 ಕೋಟಿ ಯೆನ್ ಕೊಟ್ಟು ಇಲ್ಲದ ದೇಶದ ಚಮಚ ಡಿಸೈನ್ ಮಾಡಿಸೋದು ಲೆಕ್ಕಾಚಾರದಿಂದ ಆಗೋ ಕೆಲಸ ಅಲ್ಲ. ಆದರೆ ಹುಚ್ಚು ಇರಬೇಕಾದ್ದು ಚಿತ್ರದಲ್ಲಿ, ಕ್ಯಾಷ್ ಬುಕ್‌ನಲ್ಲಿ ಅಲ್ಲ. ಎರಡೂ ಒಟ್ಟಿಗೆ ಇರಬಹುದು ಅನ್ನೋದಕ್ಕೆ ಸಾಕ್ಷಿ ಅದೇ ಅನ್ನೊ. ತನ್ನ ಸ್ಟುಡಿಯೋದಲ್ಲಿ ಎವಾಂಗೆಲಿಯನ್ ಅನ್ನು ಹೊಸದಾಗಿ ನಾಲ್ಕು ಸಿನಿಮಾ ಮಾಡಿದರು. 2021ರಲ್ಲಿ ಬಂದ ಕೊನೆಯದು ಜಪಾನಿನಲ್ಲೇ 1,000 ಕೋಟಿ ಯೆನ್ ದಾಟಿತು. ಹುಚ್ಚು ಎಳ್ಳಷ್ಟೂ ಕಮ್ಮಿಯಾಗಿರಲಿಲ್ಲ. ಕಾಲೇಜು ದಿನಗಳಲ್ಲಿ ಇವರು ಗೆಳೆಯರ ಜೊತೆ ಒಂದು ಅಲ್ಟ್ರಾಮ್ಯಾನ್ ಫಿಲ್ಮ್ ಮಾಡಿದ್ದರು. ಮುಖವಾಡವೂ ಇಲ್ಲದೆ ಅನ್ನೊ ತಾವೇ ಅಲ್ಟ್ರಾಮ್ಯಾನ್ ಆಗಿ ಕುಣಿದಿದ್ದರು. 2022ರಲ್ಲಿ ಅದೇ ಅನ್ನೊ ಬರೆದು, ಹಳೇ ಗೆಳೆಯ ಶಿಂಜಿ ಹಿಗುಚಿ ನಿರ್ದೇಶಿಸಿದ ಅಸಲಿ ಅಲ್ಟ್ರಾಮ್ಯಾನ್ ಸಿನಿಮಾ ಥಿಯೇಟರಿಗೆ ಬಂತು. ಹುಡುಗಾಟ ಹಾಗೇ ಇತ್ತು, ಹಿಂದೆ ಲೆಕ್ಕ ನೋಡುವ ಕಂಪನಿ ಇತ್ತು.

ನಮ್ಮ ಕ್ಲಬ್‌ಗಳಲ್ಲಿ ಟ್ರೆಷರರ್ ಅಂದ್ರೆ ಶಿಕ್ಷೆ. ಪೋಸ್ಟರ್‌ನಲ್ಲಿ ಅವನ ಹೆಸರು ಕೊನೆಗೆ, ಒಮ್ಮೊಮ್ಮೆ ಅದೂ ಇಲ್ಲ. ಹಾಡಿಗೆ ಪರ್ಮಿಷನ್ ಕೇಳಿ ಮೇಲ್ ಹಾಕಿದವಳು, ಬಾಡಿಗೆ ಲೆನ್ಸ್ ಸರಿಯಾದ ದಿನಕ್ಕೆ ವಾಪಸ್ ಕೊಟ್ಟವನು, ಫೂಟೇಜ್ ಎರಡು ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿಟ್ಟವನು, ಇವರು ಯಾರೂ ‘ಕ್ರಿಯೇಟಿವ್ ಟೀಮ್’ ಅಲ್ಲ. ನನ್ನ ಪ್ರಕಾರ ಆ ಪುಟ್ಟ ಹುಡುಗಿ ಮೂಲಂಗಿವರೆಗೂ ಚೆಲ್ಲದೆ ತಂದ ನೀರು ಇವರ ಕೆಲಸವೇ. ಹೊಡೆದಾಟ ನೋಡೋಕೆ ಚಂದ, ಆದರೆ ಲೋಟ ಖಾಲಿಯಾಗಿದ್ರೆ ಮೂಲಂಗಿ ಹಾರ್ತಿರಲಿಲ್ಲ.

ಆದ್ದರಿಂದ ಈ ಸಲದ ಫಿಲ್ಮ್‌ಗೆ ಮೂರು ಬೇಡಿಕೆ ಇಡ್ತಿದೀನಿ. ಒಂದು, ಎಲ್ಲರೂ ನೋಡಬಹುದಾದ ಒಂದೇ ಶೀಟ್, ಅವತ್ತಿನ ಖರ್ಚು ಅವತ್ತೇ. ಐದು ರೂಪಾಯಿ ಚಹಾ ಆದರೂ ಸರಿ, ಡೈರೆಕ್ಟರ್ ಆದರೂ ಸರಿ. ಎರಡು, ಶೂಟಿಂಗ್‌ಗೆ ಮೊದಲೇ ಒಂದು ಪುಟದಲ್ಲಿ ಬರೆದಿಡೋಣ: ಫಿಲ್ಮ್ ಯಾರದ್ದು, ಬಹುಮಾನ ಬಂದರೆ ಹೇಗೆ ಹಂಚೋದು, ಮಧ್ಯದಲ್ಲಿ ಬಿಟ್ಟು ಹೋದವರ ಹೆಸರು ಇರತ್ತಾ ಇಲ್ವಾ. ಮೂರು, ಲೆಕ್ಕ ನೋಡಿದವರ ಹೆಸರು ಡೈರೆಕ್ಟರ್ ಹೆಸರಿನ ಅದೇ ಕಾರ್ಡ್‌ನಲ್ಲಿ ಬರಲಿ.

ಲೆಕ್ಕ ನಾನೇ ನೋಡ್ಕೋತೀನಿ. ಯಾಕೆ ಅಂದ್ರೆ ಒಂದು ಬಾಕಿ ಇದೆ. ಇದನ್ನು ಬರೆಯೋ ಮೊದಲು ಹೋದ ವರ್ಷದ ಗ್ರೂಪ್ ಚಾಟ್ ಪೂರ್ತಿ ತೆಗೆದು ಕೂತೆ. ಲೆನ್ಸ್ ಬಾಡಿಗೆ ಒಂದು ದಿನ ಹೆಚ್ಚಿಗೆ, ₹1,200. ರಾತ್ರಿ ಶೂಟಿಂಗ್ ದಿನ ಎಲ್ಲರ ಊಟ, ₹860. ಎರಡು ಆಟೋ, ₹340. ಎಲ್ಲದಕ್ಕೂ ಅವನು ಅವತ್ತೇ ಪೇಮೆಂಟ್ ಸ್ಕ್ರೀನ್‌ಶಾಟ್ ಹಾಕಿದ್ದ. ಮೀಮ್‌ಗಳ ನಡುವೆ ಮುಚ್ಚಿಹೋಗಿತ್ತು. ಒಟ್ಟು ₹2,400. ಅಂದ್ರೆ ಅವನು ನಮ್ಮ ₹2,100 ತಿಂದಿರಲಿಲ್ಲ, ನಾವೇ ಅವನಿಗೆ ₹300 ಕೊಡಬೇಕಿತ್ತು.

ಹೋಗಿ ಹೇಳಿದೆ, ಸಾರಿ ಕೇಳಿದೆ. ಗ್ರೂಪಲ್ಲೂ ಲೆಕ್ಕ ಹಾಕಿದೆ. ₹300 ಕಳಿಸಿದೆ, ತಗೊಂಡ. ‘ಸರಿ ಬಿಡು’ ಅಂದ. ಊಟಕ್ಕೆ ಮಾತ್ರ ಇನ್ನೂ ಆ ಟೇಬಲ್‌ನಲ್ಲೇ ಕೂರ್ತಾನೆ. ಈ ಸಲದ ಶೀಟ್ ತೆರೆದಿದೀನಿ, ಲಿಂಕ್ ಗ್ರೂಪಲ್ಲಿದೆ. ಕ್ಯಾಮೆರಾಕ್ಕೆ ಅವನ ಹೆಸರು ಬರೆದು ಮುಂದೆ ಒಂದು ಪ್ರಶ್ನೆ ಚಿಹ್ನೆ ಹಾಕಿದೀನಿ. ಅದನ್ನು ಅಳಿಸೋದು ಅವನಿಗೆ ಬಿಟ್ಟದ್ದು.